ಅಡ್ಮಿರಬ್ಲಿ ಮತ್ತು ನಾಲ್ಕು ಕಂಬಗಳು

ಅಚ್ಚುಕೂಟದಲ್ಲಿ ಮೂವತ್ತು ವರ್ಷ ಕರಡು ತಿದ್ದಿ ‘ನಿಘಂಟು’ ಎಂಬ ಅಡ್ಡಹೆಸರು ಸಂಪಾದಿಸಿದ್ದ ಯಜಮಾನರು ಒಂದು ಬೆಳಿಗ್ಗೆ ಘೋಷಿಸಿದರು: “ಡ್ರೈವಿಂಗ್ ಶಾಲೆಯವನು ಮೂರು ತಿಂಗಳು ಬೈದು ಕಲಿಸಲಾಗದ್ದನ್ನ ನಾನು ಹತ್ತೇ ದಿನ ಹೊಗಳಿ ಕಲಿಸ್ತೀನಿ.”

ಕಲಿಯಬೇಕಾದವಳು ಅವರ ಹೆಂಡತಿ, ವೃತ್ತಿಯಲ್ಲಿ ನರ್ಸು. ಮುಂದಿನ ತಿಂಗಳಿಂದ ಅವಳಿಗೆ ಊರಾಚೆಯ ಆಸ್ಪತ್ರೆಯಲ್ಲಿ ಹಿರಿಯ ನರ್ಸಿನ ಹುದ್ದೆ, ಬೆಳಗಿನ ಐದರ ಪಾಳಿ. ಅಷ್ಟು ಹೊತ್ತಿಗೆ ಬಸ್ಸುಗಳಿರಲಿ, ಬಸ್ ನಿಲ್ದಾಣವೇ ಎದ್ದಿರುವುದಿಲ್ಲ. ಲೈಸೆನ್ಸ್ ಸಿಗದಿದ್ದರೆ ಹುದ್ದೆ ಬೇರೆಯವರ ಪಾಲು.

ಮೊದಲ ಗೇರು ಬಿದ್ದ ಕೂಡಲೇ ನಿಘಂಟು, “ಅಡ್ಮಿರಬ್ಲಿ!” ಎಂದರು.

“ಏನಾಯ್ತು?” ಎಂದು ಹೆಂಡತಿ ತಿರುಗಿ ನೋಡಿದಳು. ಕಸದ ಡಬ್ಬಿ ಅಲ್ಲೇ ಸ್ವರ್ಗಸ್ಥವಾಯಿತು.

“ಮೆಚ್ಚುವ ಹಾಗೆ ಮಾಡಿದೆ ಅಂತ ಅರ್ಥ ಕಣೇ. ಮೂಲ ಲ್ಯಾಟಿನ್. ಬೆರಗಾಗಿ ನೋಡೋದು ಅಂತ ಧಾತು. ಇಂಗ್ಲಿಷಿನ ‘ಮಿರರ್’ ಇದೆಯಲ್ಲ, ಅದೂ ಇದರ ದಾಯಾದಿ.”

“ಅಂದ್ರೆ ನಾನು ಗೇರ್ ಹಾಕಿದ್ದು ನೋಡಿ ನಿಮಗೆ ಬೆರಗಾಯ್ತಾ?”

“ಹಾಗಲ್ಲ…”

“ಇಪ್ಪತ್ತೆಂಟು ವರ್ಷದಿಂದ ನಿಮ್ಮನ್ನ ಓಡಿಸ್ತಿದ್ದೀನಿ. ಇದ್ಯಾವ ಮಹಾ ಗಾಡಿ?”

ಆದರೂ ನಿಘಂಟು ಬಿಡಲಿಲ್ಲ. ಅವರು ಹೊಗಳುವುದು, ಅವಳು ತಿರುಗುವುದು. ಮೂರನೆಯ ದಿನ ಗೇಟು ಊರುಗೋಲು ಬೇಡಿತು. ಐದನೆಯ ದಿನದಿಂದ ಬೀದಿಯ ನಾಯಿಗಳೆಲ್ಲ ಮಹಡಿಯಲ್ಲಿ ಬಿಡಾರ ಹೂಡಿದವು.

ಪರೀಕ್ಷೆಯ ದಿನ ನಿಘಂಟು ತಾವೇ ಕಾರು ಓಡಿಸಿಕೊಂಡು ಅವಳನ್ನು ಮೈದಾನಕ್ಕೆ ಕರೆತಂದರು. ಪರೀಕ್ಷಕರು ಅವಳ ಪಕ್ಕ ಕೂತು, “ಯಜಮಾನರಿಗೆ ಏನು ಕೆಲಸ?” ಎಂದರು. “ತಪ್ಪು ತಿದ್ದೋದು,” ಎಂದಳು. ಗಂಡನಿಗೆ ಬೇಲಿಯಾಚೆ ಜಾಗ. ನಾಲ್ಕು ಕಂಬಗಳ ನಡುವೆ ಹಿಂದಕ್ಕೆ ಬರಬೇಕು. ಕಾರು ಬೆಣ್ಣೆಯಲ್ಲಿ ಕೂದಲೆಳೆದಂತೆ ಹಿಂದೆ ಸರಿಯಿತು. ಇನ್ನೊಂದು ಮೊಳವಿತ್ತು, ಅಷ್ಟೇ.

“ಅಡ್ಮಿರಬ್ಲಿ!” ಬೇಲಿಯಾಚೆಯಿಂದ ಬಂದ ಆ ಕೂಗಿಗೆ ಎರಡು ಊರಾಚೆಯ ಕಾಗೆಗಳೂ ಹಾರಿದವು.

ಅವಳು ತಿರುಗಿದಳು. ಕಂಬ ಮಲಗಿತು.

ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. ನಿಘಂಟು ಬೇಲಿ ಹಾರಿ ಓಡಿಬಂದರು. “ತಪ್ಪು ನಂದು ಸ್ವಾಮಿ. ಇನ್ನೊಂದು ಅವಕಾಶ ಕೊಡಿ. ಇಷ್ಟು ವರ್ಷದಿಂದ ಗಾಡಿ ಓಡಿಸ್ತಿರೋನು ನಾನು, ನನ್ನ ಮಾತು ನಂಬಿ.”

“ಇಲ್ಲಿಗೆ ಗಾಡಿ ತಂದೋರು ನೀವೇನಾ?”

“ನಾನೇ.”

“ಎಲ್ಲಿ, ನಿಮ್ಮ ಲೈಸೆನ್ಸ್ ಕೊಡಿ ನೋಡೋಣ.”

ಪರೀಕ್ಷಕರು ಅದನ್ನು ಹಿಂದೆ ಮುಂದೆ ತಿರುಗಿಸಿದರು. “ಇದರ ಅವಧಿ ಮುಗಿದು ಆರು ವರ್ಷ ಆಯ್ತು. ತಪ್ಪು ತಿದ್ದೋ ಕೆಲಸದಲ್ಲಿದ್ದಾರೆ ಅಂದ್ರಲ್ವೇನಮ್ಮ, ಇವರು?”

“ಬೇರೆಯವರದ್ದು ಸಾರ್,” ಎಂದಳು ಹೆಂಡತಿ.

ಇನ್ನು ಈ ಕಾರನ್ನು ಮನೆ ಮುಟ್ಟಿಸಲಾದರೂ ಲೈಸೆನ್ಸ್ ಇದ್ದವರೊಬ್ಬರು ಬೇಕಲ್ಲ. ಪರೀಕ್ಷಕರು ಕಂಬ ಎತ್ತಿ ನಿಲ್ಲಿಸಿ, ಕಿಟಕಿಗಳ ಗಾಜು ಏರಿಸಿ, “ಇನ್ನೊಮ್ಮೆ ಬನ್ನಿ,” ಎಂದರು. ಕಾರು ಬಂತು. ಕಂಬಗಳು ನಾಲ್ಕೂ ನಿಂತೇ ಇದ್ದವು. ಅವಳ ಕಾಗದಕ್ಕೆ ಮೊಹರು ಬಿತ್ತು.

ನಿಘಂಟಿನ ಕೈಗೆ ಬಂದದ್ದು ಹೊಸಬರು ತುಂಬುವ ಅರ್ಜಿ.

“ಮೊದಲಿಂದ ಕಲೀಬೇಕು,” ಎಂದರು ಪರೀಕ್ಷಕರು. “ಪಕ್ಕದಲ್ಲಿ ಕೂರೋಕೆ ಮನೇಲಿ ಲೈಸೆನ್ಸ್ ಇರೋರು ಯಾರಾದ್ರೂ ಇದ್ದಾರಾ?”

ನಿಘಂಟು ಹೆಂಡತಿಯ ಕಡೆ ನೋಡಿ, ತಲೆ ತಗ್ಗಿಸಿ ಹೇಳಿದರು:

“ಒಬ್ಬರಿದ್ದಾರೆ. ಐದು ನಿಮಿಷದಿಂದ.”