ರುದ್ರಣ್ಣನವರ ಕೆಟ್ಟ ಹಾಡು

ಚೆನ್ನಾಗಿ ಹಾಡಿದವರನ್ನು ಎಲ್ಲರೂ ನೆನೆಯುತ್ತಾರೆ. ನಾನು ಮಾತ್ರ ಒಬ್ಬರು ಕೆಟ್ಟದಾಗಿ ಹಾಡಿದ್ದಕ್ಕೆ ಇಂದಿಗೂ ಕೈ ಮುಗಿಯುತ್ತೇನೆ. ಅವರು ಕಡೂರಿನ ರುದ್ರಣ್ಣ. ಅರವತ್ತರ ದಶಕದಲ್ಲಿ ತರೀಕೆರೆಯ ಗಣಪತಿ ಪೆಂಡಾಲಿನಲ್ಲಿ ಅವರ ಆರ್ಕೆಸ್ಟ್ರಾ ಎಂದರೆ ನಾವು ಹೈಸ್ಕೂಲು ಹುಡುಗರು ಊಟ ಬಿಟ್ಟು ಜಾಗ ಹಿಡಿಯುತ್ತಿದ್ದೆವು. ಎಂಥ ಕಂಠ ಅಂತೀರಿ! ಅವರನ್ನು ನೋಡಿ ನಾನೂ ಕ್ರಾಪು ಬೆಳೆಸಿದೆ. ಕ್ರಾಪು ಬಂತು, ಕಂಠ ಬರಲಿಲ್ಲ.

ಎಂಬತ್ತರ ದಶಕದಲ್ಲಿ, ಈಗ್ಗೆ ಏಳೆಂಟು ವರ್ಷದ ಹಿಂದೆ, ಅವರದೊಂದು ಕ್ಯಾಸೆಟ್ ಬಂತು. ಎಲ್ಲವೂ ಬೇರೆಯವರು ಹಾಡಿದ್ದ ಸಿನಿಮಾ ಹಾಡುಗಳೇ. ಮೊದಲ ಬದಿ ಬೆಲ್ಲ. ಎರಡನೆಯ ಬದಿಯಲ್ಲಿ ಏನಾಯಿತೋ, ದಮ್ಮು ಸಾಲದು, ತಾಳ ಒಂದು ಕಡೆ, ಅವರೊಂದು ಕಡೆ. ಕೊನೆಯ ಲಾಲಿಯನ್ನಂತೂ ಕೇಳಿದವರಿಗೆ ಅಯ್ಯೋ ಪಾಪ ಅನ್ನಿಸಬೇಕು. ಆದರೆ ಅಜ್ಜಂಪುರದ ನಮ್ಮ ಬಾಡಿಗೆ ಮನೆಯಲ್ಲಿ ಹಗಲೂ ರಾತ್ರಿ ಕಿರುಚುತ್ತಿದ್ದ ಮಗಳು, ಗ್ರೈಪ್ ವಾಟರಿಗೂ ತಾಯತಕ್ಕೂ ಬಗ್ಗದವಳು, ಆ ಲಾಲಿ ಬಂದರೆ ಗಪ್‌ಚಿಪ್ಪಾಗಿ ಮಲಗುತ್ತಿದ್ದಳು.

ಒಂದು ದಿನ ಟೇಪ್‌ರೆಕಾರ್ಡರ್ ಆ ಕ್ಯಾಸೆಟ್ಟನ್ನೇ ತಿಂದುಹಾಕಿತು. ಆಮೇಲೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಹೆಂಡತಿ ತೂಕಡಿಸುತ್ತಾ ಒಲೆಯ ಮೇಲೇ ಬೀಳುವುದರಲ್ಲಿದ್ದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಂಗಡಿಗಳಲ್ಲಿ ಇನ್ನೊಂದು ಕ್ಯಾಸೆಟ್ ಸಿಗದೆ, ಕಡೂರಿಗೆ ಹೋಗಿ ರುದ್ರಣ್ಣನವರ ಬಟ್ಟೆ ಅಂಗಡಿಯ ಮುಂದೆ ನಿಂತೆ. ಅವರ ಹತ್ತಿರವೂ ಒಂದೂ ಉಳಿದಿರಲಿಲ್ಲ. ಪುಣ್ಯಾತ್ಮ, ಮಗುವಿನ ಕಥೆ ಕೇಳಿ, ನನ್ನ ಮುಖ ನೋಡಿ, ಅಂಗಡಿ ಬಾಗಿಲೆಳೆದು ನನ್ನ ಜೊತೆ ಪ್ಯಾಸೆಂಜರ್ ರೈಲು ಹತ್ತಿಬಿಟ್ಟರು.

ತೊಟ್ಟಿಲ ಪಕ್ಕ ಕೂತು ಅದೇ ಲಾಲಿ ಹಾಡಿದರು. ಕ್ಯಾಸೆಟ್ಟಿನ ತಪ್ಪುಗಳನ್ನೆಲ್ಲ ತಿದ್ದಿಕೊಂಡು, ಆ ಹಳೆಯ ಪೆಂಡಾಲಿನ ಕಂಠದಲ್ಲೇ ಹಾಡಿದರು. ನನ್ನ ಕಣ್ಣು ತುಂಬಿ ಬಂತು. ಮಗು ಸೂರು ಹಾರಿಹೋಗುವಂತೆ ಅತ್ತಿತು. ಬೇರೆ ದಾರಿಯಿಲ್ಲದೆ ಕೈ ಮುಗಿದೆ.

"ತಪ್ ತಿಳ್ಕಬ್ಯಾಡಿ ಸಾರ್. ಕ್ಯಾಸೆಟ್ನಾಗೆ ಹಾಡಿದ್ರಲ್ಲ, ಹಂಗೇ ಹಾಡಿ."

ಅವರ ಮುಖ ಸಣ್ಣದಾಯಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬೇಕೆಂದೇ ದಮ್ಮು ಕಳೆದುಕೊಂಡು, ತಾಳ ತಪ್ಪಿಸಿ, ನಮಗಾಗಿ ಕೆಟ್ಟದಾಗಿ ಹಾಡಿದರು. ಮಗು ಮಲಗಿತು. ಹೆಂಡತಿಯೂ ಗೋಡೆಗೊರಗಿ ಕೂತಲ್ಲೇ ಮಲಗಿದಳು. ಅಷ್ಟು ದೊಡ್ಡ ಉಪಕಾರವನ್ನು ನನಗೆ ಯಾರೂ ಮಾಡಿಲ್ಲ.

ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ, ನಿಮಗೆ ಹಾಡೋದಕ್ಕೆ ಬರುತ್ತದೆಯೇ ಎಂದು ಕೇಳಿದರು. ಒಂದಕ್ಷರವೂ ಬರುವುದಿಲ್ಲ ಎಂದೆ.

"ಹಂಗಾದ್ರೆ ನನ್ನ ಯಾಕ್ ಕರ್ಕಂಬಂದ್ರಿ? ನೀವೇ ಹಾಡ್ಬೋದಿತ್ತು ಕಣ್ರೀ."

ಅಂದಿನಿಂದ ನಮ್ಮ ಮನೆಯ ಲಾಲಿ ನನ್ನದೇ. ಮಗಳೀಗ ಸ್ಕೂಲಿಗೆ ಹೋಗುತ್ತಾಳೆ. ನಾನು ಬಚ್ಚಲಲ್ಲಿ ಸ್ವಲ್ಪ ಗುನುಗಿದರೂ ಸಾಕು, ನಡುಮನೆಯಲ್ಲಿ ಆಕಳಿಸುತ್ತಾಳೆ.