ಇಟಲಿಯವರಿಗೆ ಎಷ್ಟು ಮಾರ್ಕು?

ನನ್ನ ಸೋದರತ್ತೆಯ ಕೈಯಲ್ಲಿ ಪಾಸಾದ ಮನುಷ್ಯರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ, ನಿಮ್ಮ ಕಾಲಿಗೆ ಬೀಳಬೇಕೆಂದಿದ್ದೇನೆ! ಶಾಲೆಯ ಮಕ್ಕಳ ಮಾತಲ್ಲ ಇದು. ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ನಿವೃತ್ತರಾಗಿ, ಕಾಪುವಿನಲ್ಲಿ ಬಂದು ಕೂತ ಮೇಲೆ ಅತ್ತೆ ಇಡೀ ಜಗತ್ತನ್ನೇ ತಮ್ಮ ಕ್ಲಾಸಿಗೆ ಸೇರಿಸಿಕೊಂಡಿದ್ದಾರೆ. ಮದುವೆಯ ಪಾಯಸ, ಮದುಮಗಳ ಸೀರೆ, ಬಸ್ ಕಂಡಕ್ಟರನ ಮಾತು, ಮಂತ್ರಿಯ ಭಾಷಣ, ಎಲ್ಲದಕ್ಕೂ ಅವರಿಂದ ನೂರಕ್ಕೆ ಇಷ್ಟು ಅಂತ ಮಾರ್ಕು ಉಂಟು. ಮೂವತ್ತೈದು ಬಂದರೆ ಪಾಸು. ಮೂವತ್ತನಾಲ್ಕು ಬಂದರೆ? ಫೇಲು! "ಒಂದು ಮಾರ್ಕಿಗೆ ಎಂತ ಅತ್ತೆ, ಗ್ರೇಸ್ ಕೊಟ್ಟು ಬಿಡಿ" ಎಂದು ಒಮ್ಮೆ ಬಾಯಿ ತಪ್ಪಿ ಹೇಳಿ ನಾನು ಉಗಿಸಿಕೊಂಡಿದ್ದೇನೆ. "ಗ್ರೇಸ್ ಕೊಡುವುದು ಕಲಿಸಲಿಕ್ಕೆ ಬಾರದ ಟೀಚರುಗಳು. ನಾನು ಒಂದು ಮಗುವಿಗೂ ಕೊಟ್ಟವಳಲ್ಲ" ಎಂದರು. ಕೊಡದೆ ಇದ್ದದ್ದಕ್ಕೆ ಇಷ್ಟು ಹೆಮ್ಮೆಪಡುವವರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಉಡುಪಿಯ ಒಂದು ಹೋಟೆಲಿನಲ್ಲಿ ಗೋಳಿಬಜೆ ತಿಂದು ಅತ್ತೆ ಗಟ್ಟಿಯಾಗಿ "ಮೂವತ್ತೊಂದು" ಎಂದರು. ತಂದುಕೊಟ್ಟವನಿಗೆ ಅದು ಬಿಲ್ಲಿನ ಲೆಕ್ಕವೋ ಟೇಬಲಿನ ನಂಬರೋ ಗೊತ್ತಾಗಲಿಲ್ಲ. "ಇನ್ನೊಂದು ಪ್ಲೇಟ್ ಕೊಡಲಾ ಮೇಡಂ?" ಎಂದ.

"ತಾ. ಸಪ್ಲಿಮೆಂಟರಿ ಪರೀಕ್ಷೆ ಆಗಲಿ."

ಸಪ್ಲಿಮೆಂಟರಿಯಲ್ಲೂ ಫೇಲು. ಆದರೆ ಪ್ಲೇಟು ಖಾಲಿ! ಹಾಗಾದರೆ ಇವರ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದದ್ದು ಯಾರು ಎಂದು ನೀವು ಕೇಳಬಹುದು. ಕಾಪುವಿನ ಕಡಲ ದಂಡೆಯ ದೀಪಸ್ತಂಭ. ಅದಕ್ಕೆ ಎಪ್ಪತ್ತು. "ಒಂದೇ ಕೆಲಸ, ಸರಿಯಾಗಿ ಮಾಡುತ್ತದೆ. ಬಾಯಿ ಇಲ್ಲ" ಎನ್ನುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ನಾನು ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಈ ಮಾರ್ಕಿನ ಹುಚ್ಚು ನನ್ನ ಮನೆಯೊಳಗೇ ಬೆಂಕಿ ಹಾಕಿತು. ಎರಡು ವರ್ಷದ ಹಿಂದೆ ಅಲೆವೂರಿನಲ್ಲಿ ಮನೆ ಕಟ್ಟಿ ಒಕ್ಕಲು, ಅಂದರೆ ಗೃಹಪ್ರವೇಶ, ಮಾಡಿದೆವು. ಊಟಕ್ಕೆ ಮೊದಲು ನನ್ನ ಹೆಂಡತಿ ಒಂದು ದೇವರನಾಮ ಹಾಡಿದಳು. ಅವಳು ಕಛೇರಿ ಮಾಡುವವಳಲ್ಲ, ಆದರೆ ಶ್ರುತಿ ತಪ್ಪುವವಳೂ ಅಲ್ಲ. ಹಾಡು ಮುಗಿದಾಗ ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಮುಂದಿನ ಸಾಲಿನ ಕುರ್ಚಿಯಿಂದ ಅತ್ತೆಯ ಸ್ವರ ಬಂತು: "ಇಪ್ಪತ್ತೆರಡು."

ಅಷ್ಟೇ. ಆ ದಿನದಿಂದ ನನ್ನ ಹೆಂಡತಿ ಹಾಡುವುದನ್ನು ಬಿಟ್ಟಳು. ದೇವರ ಮುಂದೆಯೂ ಇಲ್ಲ, ಪಾತ್ರೆ ತೊಳೆಯುವಾಗಲೂ ಇಲ್ಲ. ಅತ್ತೆಯೊಡನೆ ಮಾತನ್ನೂ ಬಿಟ್ಟಳು. ಅವರು ಬಂದರೆ ಊಟ, ಉಪಚಾರ ಎಲ್ಲ ಸರಿಯಾಗಿಯೇ ಆಗುತ್ತದೆ, ಮಾತು ಮಾತ್ರ ನನ್ನ ಮೂಲಕ. "ನೋಡಿ, ನಿಮ್ಮ ಅತ್ತೆಗೆ ಹೇಳಿ, ಕಾಫಿ ಆರುತ್ತಾ ಉಂಟು." ಮೂರು ಅಡಿ ದೂರದಲ್ಲಿ ಕೂತ ಅತ್ತೆಗೆ ನಾನು ಅದನ್ನು ತಲುಪಿಸಬೇಕು! ಅತ್ತೆ ಕುಡಿದು, "ಅವಳಿಗೆ ಹೇಳು, ನಲವತ್ತು" ಎನ್ನುತ್ತಾರೆ. ಕಾಫಿಗೆ ಪಾಸು, ಹಾಡಿಗೆ ಫೇಲು. ಇಬ್ಬರ ನಡುವೆ ಸಿಕ್ಕಿ ನಾನು ಎಷ್ಟು ಒಣಗಿದ್ದೇನೆಂದು ನನ್ನ ಬೆಲ್ಟನ್ನು ಕೇಳಿ.

ಅತ್ತೆಯ ಕಿವಿ ಸ್ವಲ್ಪ ಮಂದವಾಗಿದೆ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ. ಸ್ವಲ್ಪ ಎಂದೇ ನಾವು ತಿಳಿದಿದ್ದೆವು. ಆದರೆ ಹೇಳುವುದು ಯಾರು? "ನನ್ನ ಕಿವಿಗೆ ಎಂತ ಆಗಿಲ್ಲ. ಈಗಿನವರಿಗೆ ಬಾಯಿ ತೆರೆಯಲಿಕ್ಕೆ ಉದಾಸೀನ!" ಅವರಿಗೆ ಬೆನ್ನು ಹಾಕಿ ಮಾತಾಡಿದರೆ ಮುಗಿಯಿತು: "ಮುಖ ಈಚೆ ತಿರುಗಿಸು. ಮುಖ ನೋಡಿ ಮಾತಾಡುವುದು ಮರ್ಯಾದೆ." ಅದನ್ನು ನಾವು ಟೀಚರಗಿರಿ ಎಂದುಕೊಂಡಿದ್ದೆವು. ಒಮ್ಮೆ ಏನೋ ಸುಳ್ಳು ಹೇಳಿ ಕಿವಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಒಳಗೆ ಹೋದವರು ಹೋದ ಹಾಗೆಯೇ ಹೊರಗೆ ಬಂದರು. "ತುಟಿ ಅಲ್ಲಾಡಿಸದೆ ಮಾತಾಡುವ ಡಾಕ್ಟರು! ಹದಿನೆಂಟು." ಜಗತ್ತಿಗೆಲ್ಲ ಮಾರ್ಕು ಹಾಕುವವರು ಕಿವಿಗೆ ಯಂತ್ರ ಹಾಕಿಸಿಕೊಂಡರೆ ತಾವೇ ಫೇಲಾದ ಹಾಗೆ, ಅಲ್ವಾ? ಜೀವ ಹೋದರೂ ಅವರು ಅದಕ್ಕೆ ಒಪ್ಪುವವರಲ್ಲ.

ಹೀಗಿರುವಾಗ ಒಂದು ದಿನ ಅತ್ತೆಯ ಫೋನು. ಫೋನಿನಲ್ಲಿ ಅವರು ಮಾತ್ರ ಮಾತಾಡುತ್ತಾರೆ, ನಮಗೆ ಅವಕಾಶ ಇಲ್ಲ. "ಭಾನುವಾರ ಮಣಿಪಾಲದಲ್ಲಿ ಇಟಲಿಯವರ ಹಾಸ್ಯದ ಒಪೆರಾ ಉಂಟಂತೆ, ಸಿನೆಮಾ ಮಾಡಿದ್ದು. ಪೇಪರಲ್ಲಿ ಹಾಕಿದ್ದಾರೆ. ಎರಡೂವರೆಗೆ ಕಾರು ತಾ. ಇಟಲಿಯವರಿಗೆ ನಾನು ಇದುವರೆಗೆ ಮಾರ್ಕು ಕೊಟ್ಟಿಲ್ಲ." ಟಕ್ ಎಂದು ಇಟ್ಟರು. ಆ ದೇಶದ ಪುಣ್ಯ ಅಲ್ಲಿಗೆ ಮುಗಿಯಿತು!

ವಿಚಿತ್ರವೆಂದರೆ ಹೆಂಡತಿಯೂ ಹೊರಟಳು. "ನಿನಗೆ ಎಂತಕ್ಕೆ ಮಾರಾಯ್ತಿ?" ಎಂದೆ. "ಇನ್ನೊಬ್ಬರು ಫೇಲಾಗುವುದನ್ನು ಕಣ್ಣಾರೆ ನೋಡಬೇಕು. ಅಷ್ಟಾದರೂ ಸಮಾಧಾನ" ಎಂದಳು. ಸಭಾಂಗಣದಲ್ಲಿ ನಾನು ನಡುವೆ, ಆಚೆ ಅತ್ತೆ, ಈಚೆ ಹೆಂಡತಿ.

ಒಪೆರಾ ನೋಡದವರಿಗೆ ಒಂದು ಮಾತು ಹೇಳುತ್ತೇನೆ: ನೀವು ಭಾಗ್ಯವಂತರು. ಬಾಗಿಲು ಹಾಕಿದೆ ಎಂಬ ವಿಷಯವನ್ನು ಒಬ್ಬ ಮನುಷ್ಯ ಹಾಡಿನಲ್ಲಿ ಹೇಳುತ್ತಾನೆ. ಸರಿ. ಇನ್ನೊಬ್ಬಳು ಬಂದು, ಹೌದಾ, ಬಾಗಿಲು ಹಾಕಿದೆಯಾ ಎಂದು ಹಾಡುತ್ತಾಳೆ. ಅದೂ ಸರಿ. ಆಮೇಲೆ ನಾಲ್ಕು ಜನ ಸೇರಿ ಬಾಗಿಲು ಹಾಕಿದೆ, ಬಾಗಿಲು ಹಾಕಿದೆ ಎಂದು ಗಂಟಲು ಹರಿದುಕೊಳ್ಳುತ್ತಾರೆ. ಅಷ್ಟರಲ್ಲಿ ಸಂತೆಕಟ್ಟೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿದವನು ಕೂಡ ಮನೆ ಸೇರಿರುತ್ತಾನೆ! ಯಾರಾದರೂ ಎದ್ದು ಹೋಗಿ ಬಾಗಿಲು ತೆಗೆಯಬಾರದಾ? ಕಥೆಯಾದರೂ ಎಂಥದ್ದು? ಒಬ್ಬ ಜಿಪುಣ ಮುದುಕ, ಅವನಿಗೊಬ್ಬಳು ಮಗಳು. ಅವಳ ಪ್ರೇಮಿ ಅಡುಗೆಯವನ ವೇಷ ಹಾಕಿ ಮನೆಗೆ ಸೇರಿದ್ದಾನೆ. ಎಲ್ಲರಿಗೂ ಸಹಾಯ ಮಾಡುವ ಒಬ್ಬಳು ಕೆಲಸದವಳು. ಆ ಮುದುಕನಿಗೆ ಕಣ್ಣು ಕಾಣುತ್ತದೆ, ಬುದ್ಧಿ ಮಾತ್ರ ಇಲ್ಲ.

ನಾವೆಲ್ಲ ಪರದೆಯ ಅಡಿಯಲ್ಲಿ ಬರುವ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು ಒದ್ದಾಡುತ್ತಿದ್ದೆವು. ಅತ್ತೆಗೆ ಮಾತ್ರ ಭಾರೀ ಖುಷಿ. ಸಾಲು ಬಂದ ಕೂಡಲೇ ನಗು. ಇಡೀ ಸಭೆ ನಗುವುದು ಅವರ ನಂತರ. "ಅವನು ಈರುಳ್ಳಿ ಕೊಯ್ಯುವುದನ್ನು ನೋಡು. ಬೆರಳು ಹೋಗುತ್ತದೆ. ಒಂಬತ್ತು ಮಾರ್ಕು" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಅವರ ಪಿಸುಮಾತು ಹಿಂದಿನ ಐದು ಸಾಲಿಗೆ ಕೇಳಿಸುತ್ತದೆ. ನಾನು ನಾಚಿಕೆಯಿಂದ ಕುರ್ಚಿಯೊಳಗೆ ಇಳಿದೆ.

ಮಧ್ಯಂತರದ ನಂತರ ಪರದೆಯ ಅಡಿಯ ಬರಹ ಮಾಯ! ಕುರ್ತಾ ತೊಟ್ಟ ಸಂಘಟಕರು ಬಂದು ಲ್ಯಾಪ್‌ಟಾಪಿನ ಎದುರು ಬಗ್ಗಿದರು, ಎದ್ದರು, ಮತ್ತೆ ಬಗ್ಗಿದರು. "ಏನೋ ತಾಂತ್ರಿಕ ತೊಂದರೆ, ದಯವಿಟ್ಟು ಸಹಕರಿಸಿ" ಎಂದರು. ಸಹಕರಿಸುವುದು ಹೇಗೆ, ಇಟಲಿಯ ಭಾಷೆ ಕಲಿತಾ? ಜನ ಗೊಣಗಿದರು. ಒಂದಿಬ್ಬರು ಎದ್ದೇ ಹೋದರು. ನಾನೂ ಏಳುವ ಅಂದಾಜಿನಲ್ಲಿದ್ದೆ. ಆಗ ಅತ್ತೆ ಹೋ ಎಂದು ನಕ್ಕರು.

"ಎಂತ ಅತ್ತೆ?" ಎಂದೆ, ಮುಖ ಅವರ ಕಡೆ ತಿರುಗಿಸಿ.

"ಬರಹ ಹೋದರೆ ಎಂತ? ಮುಖ ಉಂಟಲ್ಲ. ಮುದುಕ ಸಾರು ಕುಡಿದ. ಉಪ್ಪು ಜಾಸ್ತಿ. ಆದರೆ ಅಡುಗೆಯವನಿಗೆ ಸಂಬಳ ಕಡಿಮೆ, ಹಾಗಾಗಿ ಬೈಯುವುದಿಲ್ಲ. ನೋಡು, ನುಂಗಿದ!"

ನಿಜವಾಗಿಯೂ ಮುದುಕ ನುಂಗಿದ. ಮುಂದಿನ ಸಾಲಿನವರು ತಿರುಗಿ ನೋಡಿ ನಕ್ಕರು. ಅತ್ತೆಗೆ ಇಷ್ಟು ಸಾಕಾಯಿತು. ನೆಟ್ಟಗೆ ಕೂತು, ಕ್ಲಾಸಿನ ಸ್ವರ ತೆಗೆದು, ಇಡೀ ಸಭೆಗೆ ಹೇಳತೊಡಗಿದರು. ಈಗ ಮಗಳು ಸುಳ್ಳು ಹೇಳುತ್ತಾಳೆ, ಕಣ್ಣು ನೋಡಿ. ಈಗ ಮುದುಕನಿಗೆ ಅನುಮಾನ. ಕೆಲಸದವಳು ಬೀಗದ ಕೈ ಕದ್ದಳು, ಅಪ್ರನ್ನಿನೊಳಗೆ ಹಾಕಿದಳು. ಹೇಳಿದ ಹಾಗೆಯೇ ಆಗುತ್ತಿತ್ತು ಮಾರಾಯರೇ! ನನಗೆ ಮೊದಲ ಬಾರಿಗೆ ಆ ದರಿದ್ರ ಕಥೆ ಅರ್ಥವಾಯಿತು. ನನ್ನ ಹೆಂಡತಿಯಂತೂ ಎರಡು ವರ್ಷದ ಸಿಟ್ಟು ಮರೆತು, ನನ್ನ ಮಡಿಲ ಮೇಲೆಯೇ ಅಡ್ಡ ಬಾಗಿ, "ಅವನು ಯಾಕೆ ಬಾಗಿಲ ಹಿಂದೆ ಅಡಗಿದ್ದು ಅತ್ತೆ?" ಎಂದು ನೇರವಾಗಿ ಕೇಳಿಬಿಟ್ಟಳು.

"ಮುದುಕ ಬರುತ್ತಾನೆ ಅಂತ. ಆದರೆ ಬರುವುದು ಮಗಳು. ನೋಡುತ್ತಾ ಇರು."

ಬಂದದ್ದು ಅವಳೇ. ತೋಟದಲ್ಲಿ ಒಬ್ಬಳೇ ನಿಂತು ಹಾಡಲು ಶುರು ಮಾಡಿದಳು. ಅಷ್ಟರಲ್ಲಿ ಬರಹ ಸರಿ ಮಾಡಲು ಹೊರಟ ಕುರ್ತಾದವರು ಯಾವ ವೈರು ಎಳೆದರೋ, ಇಡೀ ಸಭಾಂಗಣದಲ್ಲಿ ಶಬ್ದವೇ ನಿಂತುಹೋಯಿತು. ಪರದೆಯ ಮೇಲೆ ಅವಳ ಬಾಯಿ ತೆರೆಯುತ್ತಿದೆ, ಮುಚ್ಚುತ್ತಿದೆ. ಹಿಂದಿನಿಂದ ಯಾರೋ "ಸೌಂಡ್! ಸೌಂಡ್!" ಎಂದು ಕೂಗಿದರು. ಆಮೇಲೆ ಅವರೂ ಸುಮ್ಮನಾದರು. ಏಕೆಂದರೆ ಅತ್ತೆ ನಿಲ್ಲಿಸಿರಲಿಲ್ಲ.

"ಈಗ ಅವಳು ಹಾಡುತ್ತಾಳೆ, ನೋಡಿ. ಇದು ತಮಾಷೆಯದ್ದಲ್ಲ. ಅಪ್ಪನಿಗೆ ಮೋಸ ಮಾಡುತ್ತಾ ಇದ್ದೇನೆ ಅಂತ ಬೇಜಾರು. ಎಷ್ಟು ಚಂದ ಹಾಡುತ್ತಾಳೆ! ಕೇಳಿ, ಕೇಳಿ, ಮಾತಾಡಬೇಡಿ."

ಅಷ್ಟು ದೊಡ್ಡ ಸಭಾಂಗಣದಲ್ಲಿ ಒಂದೇ ಒಂದು ಶಬ್ದ ಇರಲಿಲ್ಲ. ಅತ್ತೆ ಕತ್ತು ಮುಂದೆ ಚಾಚಿ, ಕೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಹೆಂಡತಿ ನನ್ನ ಮೊಣಕೈ ಹಿಡಿದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸ್ವಲ್ಪವಂತೆ, ಮಂದವಂತೆ! ಇವರಿಗೆ ಏನೂ, ಏನೆಂದರೆ ಏನೂ ಕೇಳಿಸುವುದಿಲ್ಲ.

ಶಬ್ದ ವಾಪಸು ಬಂದದ್ದೂ ಅವರಿಗೆ ಗೊತ್ತಾಗಲಿಲ್ಲ. ಆಟ ಮುಗಿಯಿತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಅತ್ತೆಗೆ. ಕುರ್ತಾದವರು ಓಡಿ ಬಂದು ಅವರ ಎದುರೇ ನಿಂತು, ಬಾಯಿ ತುಂಬ ಹೇಳಿದರು: "ಮರ್ಯಾದೆ ಉಳಿಸಿದಿರಿ ಮೇಡಂ! ಅಷ್ಟು ಹೊತ್ತು ಸೌಂಡ್ ಇಲ್ಲದಿದ್ದಾಗಲೂ ನೀವು ನಿಲ್ಲಿಸಲಿಲ್ಲ. ನಿಮಗೆ ಇಟಾಲಿಯನ್ ಬರುತ್ತದಾ?"

ಅತ್ತೆ ಅವರ ತುಟಿಯನ್ನೇ ನೋಡುತ್ತಿದ್ದರು. ಮುಖ ಒಮ್ಮೆಲೇ ಸಪ್ಪೆಯಾಯಿತು. "ಸೌಂಡ್ ಇರಲಿಲ್ಲವಾ?" ಎಂದು ನನ್ನ ಕಡೆ ತಿರುಗಿದರು. ನಾನು ಜೇಬಿನಲ್ಲಿ ಕಾರಿನ ಕೀ ಹುಡುಕತೊಡಗಿದೆ. ಆ ದಿನ ಇಟಲಿಗೆ ಎಷ್ಟು ಮಾರ್ಕು ಎಂದು ಅವರು ಹೇಳಲಿಲ್ಲ.

ಅವರನ್ನು ಕಾಪುವಿಗೆ ಬಿಡಲು ಹೊರಟೆವು. ಉಡುಪಿ ದಾಟಿತು, ಉದ್ಯಾವರ ದಾಟಿತು. ಹೋಟೆಲು, ಬಸ್ಸು, ಬೋರ್ಡು, ಒಂದಕ್ಕೂ ಮಾರ್ಕಿಲ್ಲ. ನನಗೆ ಹೆದರಿಕೆಯಾಯಿತು. ಇಷ್ಟು ವರ್ಷ ಇವರ ಬಾಯಿಗೊಂದು ಬೀಗ ಸಿಗಲಪ್ಪಾ ಎಂದು ಹಂಬಲಿಸಿದವನು, ಬೈಯಿರಿ ಅತ್ತೆ, ಯಾರನ್ನಾದರೂ ಬೈಯಿರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಕಟಪಾಡಿಯಲ್ಲಿ ಅತ್ತೆ, "ಕಾರು ಬದಿಗೆ ಹಾಕು" ಎಂದರು. ಹಾಕಿದೆ. ಸಂಜೆಯ ಬಿಸಿಲು ನೇರವಾಗಿ ಒಳಗೆ ಬೀಳುತ್ತಿತ್ತು.

"ಅವಳಿಗೆ ಹೇಳು..." ಎಂದು ಅಭ್ಯಾಸದಂತೆ ಶುರು ಮಾಡಿದವರು ನಿಲ್ಲಿಸಿದರು. ಆಮೇಲೆ ಮುಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿಯ ಹೆಗಲು ಮುಟ್ಟಿದರು. "ಈಚೆ ತಿರುಗು. ಆ ಇಟಲಿಯ ಹುಡುಗಿಯ ಸ್ವರ ಹೇಗಿತ್ತು?"

ಹೆಂಡತಿ ಪೂರ್ತಿ ಹಿಂದಕ್ಕೆ ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ಒಳ್ಳೆದಿತ್ತು ಅತ್ತೆ. ತೆಳು ಸ್ವರ. ಎಷ್ಟು ಮೇಲೆ ಹೋದರೂ ಒಡೆಯಲಿಲ್ಲ."

"ಹೌದಾ. ಮುಖ ನೋಡಿ ನಾನು ಹಾಗೆಯೇ ಅಂದುಕೊಂಡೆ." ಸ್ವಲ್ಪ ಹೊತ್ತು ಸೀರೆಯ ಸೆರಗು ಸರಿಮಾಡಿದರು. "ನಿನ್ನದು ನನಗೆ ಗೊತ್ತಿಲ್ಲ ಮಾರಾಯ್ತಿ. ಅಂದು ಒಕ್ಕಲಿನ ದಿವಸ ಒಂದಕ್ಷರ ಕೇಳಲಿಲ್ಲ. ಸುತ್ತಮುತ್ತ ಎಲ್ಲರೂ ತಲೆ ಆಡಿಸುತ್ತಾ ಇದ್ದರು, ನನಗೆ ಮಾತ್ರ ಎಂತದೂ ಇಲ್ಲ. ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಬೇಡ. ಅಷ್ಟು ವರ್ಷ ಟೀಚರಾಗಿದ್ದವಳು ಪೇಪರು ಬಿಡಿಸಿಯೂ ನೋಡದೆ ಫೇಲು ಮಾಡಿದೆ."

ಹೆಂಡತಿಗೆ ಅಳು ಬಂತು. ಅತ್ತೆಗೆ ಅಳುವವರನ್ನು ಕಂಡರಾಗದು. "ಬಾಯಿ ಮುಚ್ಚಿಕೊಂಡು ಅಳಬೇಡ, ಎಂತ ಹೇಳುತ್ತೀ ಗೊತ್ತಾಗುವುದಿಲ್ಲ" ಎಂದು ಗದರಿಸಿ, ನನ್ನ ಕಡೆ ತಿರುಗಿದರು. "ನಾಳೆ ಆ ತುಟಿ ಅಲ್ಲಾಡಿಸದ ಡಾಕ್ಟರರ ಹತ್ತಿರ ಹೋಗುವ. ಯಂತ್ರ ಹಾಕಿಸಿಕೊಂಡು ಬಂದು ಇವಳ ಪೇಪರು ಸರಿಯಾಗಿ ನೋಡುತ್ತೇನೆ. ಕೆಟ್ಟದಿದ್ದರೆ ಫೇಲೇ, ಈಗಲೇ ಹೇಳಿದ್ದೇನೆ!"

"ಅಷ್ಟರವರೆಗೆ ಇಪ್ಪತ್ತೆರಡೇ ಅಲ್ವಾ ಅತ್ತೆ?" ಹೆಂಡತಿ ಅಳುತ್ತಲೇ ನಕ್ಕಳು.

ಅತ್ತೆ ಮುಂದೆ ಬಾಗಿ, ಅವಳ ಕೆನ್ನೆ ಒರೆಸಿ, "ಹದಿಮೂರು ಗ್ರೇಸ್ ಹಾಕಿದ್ದೇನೆ. ಯಾರಿಗೂ ಹೇಳಬೇಡ" ಎಂದು ಪಿಸುಗುಟ್ಟಿದರು. ಕಟಪಾಡಿ ಪೇಟೆಗೆಲ್ಲ ಕೇಳಿಸಿತು.