ಚಂದ್ರನಿಗೆ ಟೋಪಿ, ಉಂಗುರಕ್ಕೆ ಪಾದರಸ

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ನಾನು ಅಷ್ಟು ದೂರ ಹೋಗುವ ಆಸಾಮಿಯಲ್ಲ. ಅಜ್ಜಂಪುರದ ನಮ್ಮ ಬಾಡಿಗೆ ಮನೆಯ ಹಿತ್ತಿಲಲ್ಲೇ ಕೂತು ಚಂದ್ರನಿಗೆ ಟೋಪಿ ಹಾಕುತ್ತೇನೆ ಎಂದು ನಿರ್ಧರಿಸಿಬಿಟ್ಟೆ! ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ನಾನು. ಒಂದು ಗ್ರಹವನ್ನು ಯಾಮಾರಿಸುವಷ್ಟು ವಿದ್ಯೆ ನನಗಿಲ್ಲವೇ?

ವಿಷಯ ಇಷ್ಟೇ. ಹೆಡ್‌ಮಾಸ್ಟರ್ ಬಡ್ತಿ ನನ್ನ ಹೊಸಿಲವರೆಗೂ ಬಂದು ಪ್ರತಿಸಲವೂ ಇನ್ನೊಬ್ಬರ ಮನೆಗೆ ನುಗ್ಗುತ್ತಿತ್ತು. ವಿಜ್ಞಾನದ ಮೇಷ್ಟ್ರು ಜಾತಕ ತೋರಿಸಬಾರದೆಂದು ಯಾವ ಪಠ್ಯಪುಸ್ತಕದಲ್ಲೂ ಬರೆದಿಲ್ಲವಲ್ಲ! ಪಕ್ಕದ ಶಿವನಿ ಎಂಬ ಊರಿಗೆ ಹೋಗಿ ಅಲ್ಲಿನ ಅಯ್ಯನವರ ಮುಂದೆ ಕೂತೆ. ಅವರು ಪಂಚಾಂಗ ಮಡಚಿಟ್ಟು, "ಚಂದ್ರ ಸೊರಗಿದಾನೆ ಮೇಷ್ಟ್ರೇ. ಬೆಳ್ಳೀಲಿ ಮುತ್ತು ಕಟ್ಟಿಸಿ ಹಾಕ್ಕಳಿ" ಎಂದರು.

ಮುತ್ತೇನೋ ಮನೆಯಲ್ಲಿತ್ತು. ಚೌಳಹಿರಿಯೂರಿನ ನಮ್ಮ ಮಾವ ಕಲ್ಲೇಶಪ್ಪನವರು ಮದುವೆಯಲ್ಲಿ ಕೊಟ್ಟ ಮುತ್ತಿನುಂಗುರ. ಆದರೆ ಅದು ಚಿನ್ನದ್ದು! ವರ್ಷಕ್ಕೊಮ್ಮೆ ಬೆಳಕು ಕಂಡರೆ ಹೆಚ್ಚು. ನಾನು ಹಾಕಿಕೊಂಡೆನೋ ಇಲ್ಲವೋ, ನನ್ನ ಹೆಂಡತಿ ಮಲ್ಲಿಕಾಂಬ, "ತೆಗೆದಿಡ್ರೀ, ಸವೆದೋಗ್ತದೆ" ಎಂದು ಕಿತ್ತುಕೊಂಡು ಟ್ರಂಕಿಗೆ ಸೇರಿಸುತ್ತಿದ್ದಳು. ನನ್ನ ಚಪ್ಪಲಿ ಸವೆದದ್ದು ಮಾತ್ರ ಈ ಮಹಾರಾಯ್ತಿಯ ಕಣ್ಣಿಗೆ ಎಂದೂ ಬಿದ್ದಿರಲಿಲ್ಲ.

"ಅಕ್ಕಸಾಲಿಗನ ಹತ್ರ ಕೊಟ್ಟು ಮುತ್ತನ್ನ ಬೆಳ್ಳೀಗೆ ಕೂರಿಸೋಣ ಕಣೇ" ಎಂದೆ.

"ಅಪ್ಪ ಕೊಟ್ಟಿದ್ದನ್ನ ಒಡೆಸ್ತೀರಾ? ಅಕ್ಕಸಾಲಿಗನ ಅಂಗಡಿ ಮೆಟ್ಲು ಹತ್ತಿದ್ರೆ ನೋಡಿ, ನಾನು ತವರಿಗೆ ಹೊರಟೆ!"

"ಒಡೆಸೋದೂ ಬೇಡ, ನೀನು ಹೊರಡೋದೂ ಬೇಡ. ಬಣ್ಣ ಬದಲಾಯಿಸಿದ್ರೆ ಸಾಕು. ಚಂದ್ರ ಅಷ್ಟು ಎತ್ತರದಿಂದ ನೋಡ್ತಾನೆ, ಬೆಳ್ಳಗೆ ಕಂಡ್ರೆ ಆಯ್ತು. ಒರೆಗಲ್ಲು ಹಿಡ್ಕಂಡು ಕೆಳಗಿಳಿದು ಬತ್ತಾನಾ?"

"ನಿಮ್ ತಲೆ!" ಎಂದು ಅವಳು ರೊಟ್ಟಿ ತಟ್ಟಲು ಎದ್ದುಹೋದಳು. ಮದುವೆಯಾದಾಗಿನಿಂದ ಇದನ್ನು ನಾನು ಒಪ್ಪಿಗೆ ಎಂದೇ ತಿಳಿದುಕೊಂಡು ಬಂದಿದ್ದೇನೆ.

ಚಿನ್ನಕ್ಕೆ ಪಾದರಸ ಸೋಕಿದರೆ ಬೆಳ್ಳಗಾಗುತ್ತದೆ. ಬೆಂಕಿಗೆ ಹಿಡಿದರೆ ಪಾದರಸ ಹಾರಿಹೋಗಿ ಚಿನ್ನ ಚಿನ್ನವಾಗಿಯೇ ಉಳಿಯುತ್ತದೆ. ಇದು ನಾನೇ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದುಕೊಟ್ಟ ಪಾಠ. ಸ್ಕೂಲಿನ ಪ್ರಯೋಗಶಾಲೆಯಿಂದ ಇಂಕಿನ ಬಾಟ್ಲಿಯ ತಳದಲ್ಲಿ ಒಂದಿಷ್ಟು ಪಾದರಸ ತಂದೆ. ಮಲ್ಲಿ ಬಾವಿಗೆ ಹೋದ ಸಮಯ ನೋಡಿ ಟ್ರಂಕ್ ತೆಗೆದೆ. ಹತ್ತಿಯಲ್ಲಿ ಪಾದರಸ ಅದ್ದಿ ಉಂಗುರಕ್ಕೆ ತಿಕ್ಕಿದೆ. ಆಹಾ! ನೋಡನೋಡುತ್ತಲೇ ಹಳದಿ ಮಾಯ, ಫಳಫಳ ಬಿಳುಪು! ಚಂದ್ರನೇನು, ಅವನ ಇಪ್ಪತ್ತೇಳು ಹೆಂಡಿರೂ ಮೋಸಹೋಗಬೇಕು!

ಬಿಂದಿಗೆ ಹೊತ್ತು ಬಂದ ಮಲ್ಲಿಯ ಮುಂದೆ ಜಂಬದಿಂದ ಕೈ ಚಾಚಿದೆ. ಬಿಂದಿಗೆ ಕೆಳಗಿಳಿಯಲಿಲ್ಲ, ಬಿತ್ತು.

"ಅಯ್ಯೋ ನನ್ನಪ್ಪಾ! ಏನ್ರೀ ಮಾಡಿದ್ರಿ ಇದನ್ನ? ನಾಳಿದ್ದು ವಿಮಲನ ನಿಶ್ಚಿತಾರ್ಥ! ತರೀಕೆರೆ ಬೀಗರು ನಮ್ಮ ಮದುವೇಲಿ ಮುಂದೇನೇ ಕೂತು ಈ ಉಂಗುರ ನೋಡಿದೋರು. ಈಗ ಬೆಳ್ಳಗೆ ಕಂಡ್ರೆ ಏನಂತಾರೆ? ಹಿರೇ ಅಳಿಯಂಗೆ ಬೆಳ್ಳಿ ಕೊಟ್ಟು ಚಿನ್ನ ಅಂದಿದಾನೆ ಕಲ್ಲೇಶಪ್ಪ ಅನ್ನಲ್ವಾ? ನಮ್ಮಪ್ಪನ ಮಾನ ಏನಾಗ್ಬೇಕು?"

ವಿಮಲ ಅವಳ ತಂಗಿ. ಆ ಹುಡುಗಿಗೆ ಸಂಬಂಧ ಕೂಡಿಬರಲೆಂದು ಮಾವ ಎಷ್ಟು ಊರು ಅಲೆದಿದ್ದರು ಎಂಬುದು ನನಗೂ ಗೊತ್ತಿತ್ತು. ಆದರೂ ವಿಜ್ಞಾನ ಕೈಬಿಡುತ್ತದೆಯೇ?

"ಇಷ್ಟೇ ತಾನೇ? ಬೆಂಕಿಗೆ ಹಿಡಿದ್ರೆ ಚಿನ್ನ ವಾಪಸ್ ಬತ್ತದೆ ಕಣೇ!"

"ಬೇಡ ಕಣ್ರೀ! ಹೋಗ್ಲಿ ಬಿಡಿ, ಹಾಗೇ ಟ್ರಂಕಲ್ಲಿ ಇಡ್ತೀನಿ" ಎಂದು ಅವಳು ಅಂಗಲಾಚಿದಳು. ನಾನು ಕೇಳುತ್ತೇನೆಯೇ! ಮುತ್ತಿಗೆ ಒದ್ದೆ ಬಟ್ಟೆ ಸುತ್ತಿ, ಮೂಗಿಗೆ ಟವೆಲ್ ಬಿಗಿದು, ಹಿತ್ತಿಲ ಕೊನೆಯಲ್ಲಿ ಕೆಂಡದ ಮೇಲೆ ಉಂಗುರ ಹಿಡಿದೆ. ಪಾದರಸ ಹಾರಿತು. ಚಿನ್ನ ಬರಲಿಲ್ಲ. ಮತ್ತೆ ಹಿಡಿದೆ. ಬರಲಿಲ್ಲ. ಹುಣಸೆಹಣ್ಣಿನಲ್ಲಿ ಉಜ್ಜಿದೆ, ಸೀಗೆಪುಡಿಯಲ್ಲಿ ತಿಕ್ಕಿದೆ, ಕೊನೆಗೆ ನಾಚಿಕೆ ಬಿಟ್ಟು ಅರಿಶಿನವನ್ನೂ ಹಚ್ಚಿದೆ. ಉಂಗುರ ಇನ್ನೂ ಬೆಳ್ಳಗಾಯಿತು! ಬೆಳಕಿಗೆ ಹಿಡಿದು ನೋಡೋಣವೆಂದು ಬೆರಳಿಗೆ ಒತ್ತಿ ತುರುಕಿದ್ದೇ ತಡ, ಅದು ಗೆಣ್ಣು ದಾಟಿ ಕೂತುಬಿಟ್ಟಿತು. ಉಂಗುರ ಟ್ರಂಕಿನಲ್ಲಿದ್ದ ಅಷ್ಟೂ ವರ್ಷ ನನ್ನ ಬೆರಳು ಮಲ್ಲಿಯ ಕೈರುಚಿಯಲ್ಲಿ ಬೆಳೆಯುತ್ತಿತ್ತಲ್ಲ! ಸೋಪಿಗೂ ಜಗ್ಗಲಿಲ್ಲ, ಹರಳೆಣ್ಣೆಗೂ ಜಾರಲಿಲ್ಲ.

"ಕತ್ತರಿಸ್ಲಾ?" ಎಂದೆ.

"ಯಾವುದನ್ನ? ಬೆರಳು ಆದ್ರೆ ಕತ್ತರಿಸಿ!" ಎಂದಳು.

ನಿಶ್ಚಿತಾರ್ಥದ ದಿನ ಬಸ್ಸಿಳಿದು ಮಾವನ ಮನೆಗೆ ಹೋದಾಗ ನನ್ನ ಬಲಗೈ ಬೆರಳಿಗೆ ದಪ್ಪನೆಯ ಬಟ್ಟೆಯ ಕಟ್ಟು. ಕೇಳಿದವರಿಗೆಲ್ಲ ಒಂದೇ ಉತ್ತರ: ಉಗುರುಸುತ್ತು! ಹಿರಿಯ ಅಳಿಯನಾಗಿ ನಾನೇ ಬೀಗರಿಗೆ ವೀಳ್ಯದ ತಟ್ಟೆ ಕೊಡಬೇಕಿತ್ತು. ಕೊಡಲು ಕೈ ಚಾಚಿದೆ ನೋಡಿ, ಬೀಗಿತ್ತಿ ಗುರುಶಾಂತಮ್ಮನವರ ಕಣ್ಣು ಕಟ್ಟಿನ ಮೇಲೆ ಬಿತ್ತು. ತರೀಕೆರೆಯ ಅರ್ಧ ಊರಿಗೆ ಮನೆಮದ್ದು ಹೇಳುವ ತಾಯಿ ಅವರು!

"ಉಗುರುಸುತ್ತಿಗೆ ಹಿಂಗೆ ಬಿಗಿಯಾಗಿ ಕಟ್ತಾರೇನ್ರೀ ಮೇಷ್ಟ್ರೇ? ನಿಂಬೆಹಣ್ಣು ಸಿಗಿಸ್ಬೇಕು! ಯಾರಲ್ಲಿ, ಒಂದು ನಿಂಬೆಹಣ್ಣು ತನ್ನಿ!"

"ಬೇಡಮ್ಮ, ಆಗ್ಲೇ ವಾಸಿಯಾಗಿದೆ..."

"ವಾಸಿಯಾಗಿದ್ರೆ ಕಟ್ಟು ಯಾಕೆ?" ಎಂದವರೇ ಸರಸರನೆ ಬಿಚ್ಚಿಬಿಟ್ಟರು. ಉಗುರು ನೆಟ್ಟಗಿತ್ತು. ಅದರ ಕೆಳಗೆ ಉಂಗುರ ಬೆಳ್ಳಗಿತ್ತು.

"ಅಲ್ಲಾ, ಇದು ಮದುವೇಲಿ ಹಾಕಿದ್ದ ಮುತ್ತಿನುಂಗುರ ಅಲ್ವಾ? ಅವತ್ತು ಚಿನ್ನದ್ದಿತ್ತು?"

ಬೀಗರು ದೇವೀರಪ್ಪನವರು ಕನ್ನಡಕ ಏರಿಸಿ ನನ್ನ ಬೆರಳು ನೋಡಿದರು, ಆಮೇಲೆ ಮಾವನ ಮುಖ ನೋಡಿದರು. ಮಾವನ ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಗಿಲ ಸಂದಿಯಲ್ಲಿ ವಿಮಲ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಯಾವ ಪಾಪ ಮಾಡಿದ್ದರು ಅವರು? ಎದ್ದು ನಿಂತೇಬಿಟ್ಟೆ.

"ನಮ್ಮ ಮಾವ ಕೊಟ್ಟಿದ್ದು ಅಪ್ಪಟ ಚಿನ್ನ! ಹಾಳು ಮಾಡ್ದೋನು ನಾನು! ಪಾದರಸ ತಿಕ್ಕಿದೋನು ನಾನು!"

ಅಯ್ಯನವರು, ಚಂದ್ರ, ಇಂಕಿನ ಬಾಟ್ಲಿ, ಕೆಂಡ, ಅರಿಶಿನ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಮೊದಲು ಗುರುಶಾಂತಮ್ಮ ಕಿಸಕ್ಕೆಂದರು. ಆಮೇಲೆ ಇಡೀ ಪಡಸಾಲೆ ಹೊಟ್ಟೆ ಹಿಡಿದುಕೊಂಡು ಉರುಳಿತು. ದೇವೀರಪ್ಪನವರು ಕಣ್ಣೊರೆಸಿಕೊಳ್ಳುತ್ತಾ, "ಕಲ್ಲೇಶಣ್ಣ, ನಮ್ಮ ಹುಡುಗ ಬಿ.ಕಾಂ. ಕಣಪ್ಪಾ, ಸದ್ಯ ವಿಜ್ಞಾನ ಓದಿಲ್ಲ! ಹೆದರ್ಕೋಬೇಡ, ಹೆಣ್ಣು ಕೊಡು" ಎಂದು ವೀಳ್ಯದ ತಟ್ಟೆಗೆ ತಾವೇ ಕೈ ಚಾಚಿದರು.

ಊಟವಾದ ಮೇಲೆ ಮಾವ ನನ್ನನ್ನು ಹುಲ್ಲಿನ ಬಣವೆಯ ಹಿಂದಕ್ಕೆ ಕರೆದುಕೊಂಡು ಹೋದರು. ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು.

"ಯಾವಾಗ ಗೊತ್ತಾಯ್ತು ನಿಮಗೆ ಅಳಿಯಂದ್ರೇ?"

"ಏನು ಮಾವ?"

"ಅದು ಬೆಳ್ಳಿ ಅಂತ. ಆ ವರ್ಷ ಕೈ ಬರಿದಾಗಿತ್ತು ಕಣ್ರೀ. ಬೆಳ್ಳೀಗೆ ಚಿನ್ನದ ನೀರು ಹಾಕ್ಸಿ ಕೊಟ್ಬಿಟ್ಟೆ. ಇವತ್ತು ಎಲ್ಲಾ ಹೋಯ್ತು ಅಂದ್ಕಂಡೆ. ನೀವು ನನ್ನ ಮಾನ ಉಳಿಸೋಕೆ ನಿಮ್ಮ ಮೇಲೇ ಹಾಕ್ಕಂಡು, ಎಂಥಾ ಪಾದರಸದ ಕತೆ ಕಟ್ಟಿದ್ರಿ! ಹೆತ್ತ ಮಗನೂ ಮಾಡಲ್ಲ."

ಅಯ್ಯನವರು ಹೇಳಿದ ಬೆಳ್ಳಿಯ ಮುತ್ತು ಅಷ್ಟು ವರ್ಷವೂ ನನ್ನ ಟ್ರಂಕಿನಲ್ಲೇ ಬಿದ್ದಿತ್ತು! "ಮಾವ, ಅದು ಕತೆಯಲ್ಲ..." ಎಂದು ಬಾಯಿ ತೆರೆಯುವಷ್ಟರಲ್ಲಿ, ಎಲೆಯಡಿಕೆ ತಂದು ಪಕ್ಕದಲ್ಲಿ ನಿಂತಿದ್ದ ಮಲ್ಲಿ ನನ್ನ ಕಾಲು ತುಳಿದಳು. ತುಳಿತ ಚೆನ್ನಾಗಿಯೇ ಇತ್ತು. ಮಾವ ತಮ್ಮ ಬೆರಳಿನ ಚಿನ್ನದುಂಗುರ ಬಿಚ್ಚಲು ಹೊರಟಾಗ ಮಾತ್ರ ನಾನು ಅವರ ಕೈಯನ್ನು ಗಟ್ಟಿಯಾಗಿ ಮುಚ್ಚಿ ಹಿಡಿದೆ. ಅಷ್ಟು ಪ್ರೀತಿ ಉಕ್ಕಿತ್ತು ಆ ಮುದುಕರ ಮೇಲೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ, "ನಿಂಗೆ ಮೊದಲೇ ಗೊತ್ತಿತ್ತೇನೇ?"

"ಮದುವೆ ದಿನಾನೇ ಗೊತ್ತಿತ್ತು. ಬಣ್ಣ ಮಾಸಿದಾಗೆಲ್ಲಾ ತವರಿಗೆ ತಗಂಡ್ಹೋಗಿ ನೀರು ಹಾಕ್ಸಿದೋಳೂ ನಾನೇ. ಒಂದ್ಸಲ ನೀರು ಸರಿಯಾಗಿ ಹತ್ತದೆ ಕೆಂಪಗೆ ತಾಮ್ರದ ಥರ ಆಗಿತ್ತು. ನೀವು ನೋಡಿ, ಚಿನ್ನ ಅಂದ್ರೆ ಚಿನ್ನ ಕಣೇ ಅಂದ್ರಿ."

ಕಿಟಕಿಯ ಕಡೆ ಮುಖ ತಿರುಗಿಸಿದೆ. ಆದರೂ ಮನಸ್ಸು ತಡೆಯಲಿಲ್ಲ. "ಹೆಂಗೂ ಇರ್ಲಿ, ಮಾವನಿಗೆ ನಿಜ ಹೇಳ್ಬೇಕಿತ್ತು ಕಣೇ. ಪಾದರಸ ತಿಕ್ಕಿದ್ದಂತೂ ಸುಳ್ಳಲ್ವಲ್ಲ."

ಮಲ್ಲಿ ನನ್ನ ಊದಿದ ಬೆರಳನ್ನು ತನ್ನ ಮಡಿಲಿಗೆಳೆದುಕೊಂಡು ಮೆಲ್ಲಗೆ ನೀವಿದಳು.

"ಸುಮ್ನಿರಿ. ಅಷ್ಟು ಜನ ಕೂತಿದ್ರು. ನೀವು ಹೇಳಿದ ತಕ್ಷಣ, ಇವರು ಮಾಡಿರ್ತಾರೆ ಅಂತ ಎಲ್ರೂ ನಂಬಿದ್ರು, ಒಬ್ರೂ ಎರಡನೇ ಮಾತಾಡ್ಲಿಲ್ಲ. ನಂಬದೇ ಇದ್ದೋರು ನಮ್ಮಪ್ಪ ಒಬ್ರೇ. ಅವರಾದ್ರೂ ನಿಮ್ಮನ್ನ ಬುದ್ಧಿವಂತ ಅಂದ್ಕಂಡಿರ್ಲಿ!"